ಮುತ್ತಜ್ಜನ ಬ್ಯಾಪ್ಟಿಸಂ ಎಂಟ್ರಿ ಸಿಗ್ಲಿಲ್ವಾ? ಹಾಗಾದ್ರೆ ಅವರ ತಂಗಿಯನ್ನು ಹುಡುಕಿ

ಪ್ರಶ್ನೆ: ನಮ್ಮದು ಬಂಟ್ವಾಳ ಕಡೆಯ ಕೊಂಕಣಿ ಕ್ಯಾಥೊಲಿಕ್ ಕುಟುಂಬ, ಈಗ ಬೆಂಗಳೂರಲ್ಲಿದ್ದೇವೆ. ಮುತ್ತಜ್ಜ ಜುವಾಂವ್ ಹುಟ್ಟಿದ್ದು ಸುಮಾರು 1872ರಲ್ಲಿ, ಮನೆಗೆ ದೊಡ್ಡ ಮಗ. ಊರಿನ ಆಸುಪಾಸಿನ ಎರಡು ಇಗರ್ಜಿಯ (ಚರ್ಚಿನ) ಬ್ಯಾಪ್ಟಿಸಂ (ಜ್ಞಾನಸ್ನಾನ) ಪುಸ್ತಕ ನೋಡಿಸಿದೆ, ಹೆಸರಿಲ್ಲ. ತಾಲೂಕು ಆಫೀಸಲ್ಲಿ ಆ ಕಾಲದ ಜನನ ದಾಖಲೆಯೇ ಇಲ್ಲ ಅಂದ್ರು. ಅವರಿಗೊಬ್ಬಳು ತಂಗಿ ಇದ್ದು ಚಿಕ್ಕಮಗಳೂರಿನ ಕಾಫಿ ಎಸ್ಟೇಟ್ ಕಡೆಗೆ ಮದುವೆಯಾಗಿ ಹೋದ್ಲಂತೆ, ಅಷ್ಟೇ ಗೊತ್ತಿರೋದು. ಮುತ್ತಜ್ಜನ ಅಪ್ಪ ಅಮ್ಮ ಯಾರು, ಟಿಪ್ಪು ಕಾಲದಲ್ಲಿ ಶ್ರೀರಂಗಪಟ್ಟಣಕ್ಕೆ ಸೆರೆಯಾಗಿ ಹೋದವರ ಪೈಕಿಯಾ ಅಂತ ತಿಳೀಲಿಕ್ಕೆ ದಾರಿ ಉಂಟಾ, ಇಲ್ಲ ಇಲ್ಲಿಗೇ ಮುಗೀತಾ?

ಉತ್ತರ: ಮುಗೀಲಿಲ್ಲ ಮಾರಾಯ್ರೆ, ನೀವು ಇನ್ನೂ ಶುರುವೇ ಮಾಡ್ಲಿಲ್ಲ. ನಿಮ್ಮ ಪ್ರಶ್ನೆಯಲ್ಲೇ ಎರಡು ಕೀಲಿ ಉಂಟು, ಒಂದು "ದೊಡ್ಡ ಮಗ", ಇನ್ನೊಂದು "ತಂಗಿ". ಇಪ್ಪತ್ತು ವರ್ಷದಿಂದ ಈ ಹಳೇ ಪುಸ್ತಕಗಳ ಧೂಳು ಕುಡಿದಿದ್ದೇನೆ, ಹೆಚ್ಚಿನವರು ಮಾಡುವ ತಪ್ಪು ಒಂದೇ, ತಮಗೆ ಬೇಕಾದ ಮನುಷ್ಯನ ಹೆಸರನ್ನು ಮಾತ್ರ ಹುಡುಕುದು, ಅದೂ ಅವರು ಬಾಳಿ ಬದುಕಿದ ಊರಲ್ಲಿ ಮಾತ್ರ.

ಮೊದಲು ಸರ್ಕಾರಿ ಕಾಗದದ ಆಸೆ ಬಿಡುವ. ಈಗಿನ ಜನನ ಮರಣ ನೋಂದಣಿ ಕಾಯ್ದೆ 1969ರದ್ದು, ನಮ್ಮಲ್ಲಿ ಜಾರಿಗೆ ಬಂದದ್ದು 1970ರ ಏಪ್ರಿಲ್‌ನಿಂದ. ಅದಕ್ಕೂ ಮುಂಚೆ ದಕ್ಷಿಣ ಕನ್ನಡ ಮದ್ರಾಸ್ ಪ್ರೆಸಿಡೆನ್ಸಿಯಲ್ಲಿತ್ತಲ್ಲ, ಅಲ್ಲಿಯ ಕಾಯ್ದೆ 1899ರದ್ದು. ನಿಮ್ಮ ಮುತ್ತಜ್ಜ ಆಗಲೇ 27ರ ಯುವಕ! ಹಾಗಾಗಿ ತಾಲೂಕು ಆಫೀಸಿನವರು ಸುಳ್ಳು ಹೇಳ್ಲಿಲ್ಲ. ನಡುವೆ ಒಂದು ಮಾತು, "ಸತ್ತವರದ್ದೂ ಬರ್ತ್ ಸರ್ಟಿಫಿಕೇಟ್ ಮಾಡಿಸಿ ಕೊಡ್ತೇನೆ" ಅಂತ ಬರುವ ಏಜೆಂಟರನ್ನು ಗೇಟಿನ ಹೊರಗೇ ನಿಲ್ಲಿಸಿ. ಪೋರ್ಚುಗೀಸ್ ಪಾಸ್‌ಪೋರ್ಟ್ ಆಸೆಗೆ ಕೆಲವರು ದುಡ್ಡು ಸುರೀತಾರೆ, ಆದ್ರೆ ಅದು 1961ಕ್ಕೆ ಮುಂಚೆ ಪೋರ್ಚುಗೀಸ್ ಗೋವಾದಲ್ಲಿ ಹುಟ್ಟಿದವರ ಮತ್ತು ಅವರ ಮಕ್ಕಳು ಮೊಮ್ಮಕ್ಕಳ ವಿಷಯ. ನಮ್ಮವರು ಗೋವಾ ಬಿಟ್ಟು ಇನ್ನೂರೈವತ್ತು, ಮುನ್ನೂರು, ಕೆಲವರು ನಾನೂರು ವರ್ಷ ಆಗಿದೆ.

ಈಗ ದೊಡ್ಡ ಮಗನ ವಿಷಯ. ಚೊಚ್ಚಲ ಹೆರಿಗೆ ಎಲ್ಲಿ ಆಗುದು ಹೇಳಿ ನೋಡುವ? ತವರಲ್ಲಿ. ಇವತ್ತಿಗೂ ಹಾಗೇ ಅಲ್ವಾ. 1872ರಲ್ಲಿ ಏಳನೇ ತಿಂಗಳಿಗೆ ಬಸುರಿಯನ್ನು ಅಮ್ಮನ ಮನೆಗೆ ಕರ್ಕೊಂಡು ಹೋದ್ರೆ ಬಾಣಂತನ ಮುಗಿಸಿಯೇ ಕಳಿಸುದು. ಕ್ಯಾಥೊಲಿಕರಲ್ಲಿ ಮಗುವಿಗೆ ಬ್ಯಾಪ್ಟಿಸಂ ತಡ ಮಾಡುವ ಹಾಗಿಲ್ಲ, ಆಗಿನ ಕಾಲದಲ್ಲಿ ಒಂದು ವಾರ ಹತ್ತು ದಿನದ ಒಳಗೆ ಆಗ್ಬೇಕು, ಮಗು ಉಳೀತದೋ ಇಲ್ವೋ ಅಂತ ಹೆದರಿಕೆ. ಅಂದ್ರೆ ನಿಮ್ಮ ಮುತ್ತಜ್ಜನಿಗೆ ನೀರು ಹಾಕಿದ್ದು ಅವರ ಅಮ್ಮನ ತವರಿನ ಇಗರ್ಜಿಯಲ್ಲಿ ಆಗಿರುವ ಸಾಧ್ಯತೆ ಹೆಚ್ಚು, ಹಾಗಿದ್ರೆ ಎಂಟ್ರಿ ಇರುದೂ ಅಲ್ಲಿಯೇ, ಅದು ಹತ್ತು ಮೈಲಿ ಆಚೆ ಬೇರೆ ಪುಸ್ತಕದಲ್ಲಿ ಆರಾಮಾಗಿ ಕೂತಿರಬಹುದು. ನೀವು ಅಪ್ಪನ ಊರಿನ ಪುಸ್ತಕ ತಿರುವಿ "ಬರೆದೇ ಇಲ್ಲ" ಅಂತ ತೀರ್ಮಾನ ಮಾಡಿದ್ರಿ.

ಸರಿ, ಅಮ್ಮನ ತವರು ಯಾವುದು ಅಂತ ಗೊತ್ತಿಲ್ವಲ್ಲ, ಅಮ್ಮನ ಹೆಸರೇ ಗೊತ್ತಿಲ್ಲ. ಅದಕ್ಕೇ ತಂಗಿ ಬೇಕಾದದ್ದು. ತಂಗಿ ಎರಡನೆಯದೋ ಮೂರನೆಯದೋ ನಾಲ್ಕನೆಯದೋ ಮಗು, ಅವಳು ಅಪ್ಪನ ಮನೆಯಲ್ಲೇ ಹುಟ್ಟಿರುವ ಸಾಧ್ಯತೆ ಹೆಚ್ಚು. ನೀವು ನೋಡಿಸಿದ ಅದೇ ಎರಡು ಪುಸ್ತಕವನ್ನು ಮತ್ತೆ ತೆಗೆಸಿ 1873ರಿಂದ 1890ರ ತನಕ ನಿಮ್ಮ ಸರ್‌ನೇಮ್ ಇರುವ ಎಲ್ಲಾ ಮಕ್ಕಳನ್ನು ಬರ್ಕೊಳ್ಳಿ, ಎಲ್ಲಾ ಅಂದ್ರೆ ಎಲ್ಲಾ, ಹುಟ್ಟಿ ಮೂರು ದಿನಕ್ಕೆ ಸತ್ತದ್ದನ್ನೂ ಬಿಡ್ಬೇಡಿ. ಒಂದೇ ಅಪ್ಪ ಒಂದೇ ಅಮ್ಮ ಇರುವ ಮಕ್ಕಳನ್ನು ಒಟ್ಟಿಗೆ ಹಾಕಿ. ಮೊದಲ ಮಗು ಕಾಣದೆ ಎರಡನೆಯದರಿಂದ ಶುರುವಾಗುವ ಗುಂಪು ಸಿಕ್ಕಿದ್ರೆ ಅದು ನಿಮ್ಮ ಮನೆ ಅಂತ ಅನುಮಾನ ಪಡಬಹುದು.

ಆ ಪುಸ್ತಕ ತೆಗೆದಾಗ ಎಂತ ಕಾಣ್ತದೆ ಅಂತ ಹೇಳ್ತೇನೆ, ಇಲ್ಲದಿದ್ರೆ ಕಂಗಾಲಾಗ್ತೀರಿ. ಉದ್ದದ ದಪ್ಪ ಪುಸ್ತಕ, ನಮ್ಮ ಮಳೆಗಾಲದ ಥಂಡಿಗೆ ಅಂಚೆಲ್ಲ ಉಬ್ಬಿರ್ತದೆ, ಒರಲೆ ಹಿಡಿದು ನಡುವಲ್ಲಿ ಸುರಂಗ, ಕೆಲವು ಕಡೆ ಹಳೇ ಕಬ್ಬಿಣದಂಶದ ಶಾಯಿ ಕಾಗದವನ್ನೇ ತಿಂದು ಅಕ್ಷರದ ಆಕಾರದಲ್ಲಿ ತೂತು ಬಿದ್ದಿರ್ತದೆ. ಭಾಷೆ ಲ್ಯಾಟಿನ್, ಗೋವಾದ ಪಾದ್ರಿಗಳು ಇದ್ದ ಕಾಲದ್ದಾದ್ರೆ ಪೋರ್ಚುಗೀಸ್. ಒಂದು ಎಂಟ್ರಿ ಸುಮಾರು ಹೀಗಿರ್ತದೆ, "ಫಿಲಿಯಾಂ ಲೆಜಿತಿಮಾಂ ಪೆತ್ರಿ ಎತ್ ಮರಿಯೆ", ಅಂದ್ರೆ ಪೆತ್ರುಸ್ ಮತ್ತು ಮರಿಯಾ ದಂಪತಿಯ ಮಗಳನ್ನು. ಇಲ್ಲಿ ಜನ ಬೇಸ್ತು ಬೀಳ್ತಾರೆ. "ಪೆತ್ರಿ" ಅಂತ ಒಬ್ಬ ಬೇರೆ ಮನುಷ್ಯ ಇದ್ದ ಅಂತ ವಂಶವೃಕ್ಷದಲ್ಲಿ ಬರೆದು ಫ್ರೇಮ್ ಹಾಕಿಸಿ ಗೋಡೆಗೆ ತೂಗುಹಾಕಿದ ಮನೆಯನ್ನು ನಾನು ನೋಡಿದ್ದೇನೆ. ಪೆತ್ರಿ ಅಂದ್ರೆ ಪೆತ್ರುಸ್‌ನ ಷಷ್ಠಿ ವಿಭಕ್ತಿ ಅಷ್ಟೇ, ಮನೆಯಲ್ಲಿ ಅವನನ್ನು ಕರೆಯುದು ಪೆದ್ರು. ನಿಮ್ಮ ಜುವಾಂವ್ ಅಲ್ಲಿ ಯೊವಾನ್ನೆಸ್ ಆಗಿರ್ತಾರೆ, ಅವರು ಅಪ್ಪನಾದ ಮೇಲೆ ಮಕ್ಕಳ ಎಂಟ್ರಿಯಲ್ಲಿ ಯೊವಾನ್ನಿಸ್. ಬಸ್ತ್ಯಾಂವ್ ಸೆಬಾಸ್ತಿಯಾನುಸ್, ಜಾಕು ಯಾಕೊಬುಸ್. "ಜುವಾಂವ್ ಹೆಸರು ಉಂಟಾ ನೋಡಿ" ಅಂತ ಇಗರ್ಜಿ ಆಫೀಸಿನ ಹುಡುಗನಿಗೆ ಹೇಳಿದ್ರೆ ಅವನಿಗೆ ಸಿಗುದಾದ್ರೂ ಹೇಗೆ? ನಿಮ್ಮ ಎರಡು ಇಗರ್ಜಿಯಲ್ಲಿ ನಡೆದದ್ದೂ ಇದೇ ಇರಬಹುದು ಅಂತ ನನಗೆ ಸಣ್ಣ ಡೌಟ್ ಉಂಟು.

ಇನ್ನೊಂದು ಗುಂಡಿ, ತಿಂಗಳು. ಹಳೇ ಪಾದ್ರಿಗಳು ಸೆಪ್ಟೆಂಬರ್ ಅಂತ ಪೂರ್ತಿ ಬರೆಯದೆ 7 ಹಾಕಿ ಪಕ್ಕದಲ್ಲಿ "ಬ್ರಿಸ್" ಅಂತ ಬಾಲ ಸೇರಿಸ್ತಿದ್ರು, ಲ್ಯಾಟಿನಲ್ಲಿ ಸೆಪ್ತೆಂ ಅಂದ್ರೆ ಏಳು. ಅದನ್ನು ಏಳನೇ ತಿಂಗಳು ಜುಲೈ ಅಂತ ಓದ್ಬೇಡಿ. 8 ಅಂದ್ರೆ ಅಕ್ಟೋಬರ್, 9 ನವೆಂಬರ್, ರೋಮನ್ ಹತ್ತು ಇದ್ರೆ ಡಿಸೆಂಬರ್. ಪೋರ್ಚುಗೀಸ್ ಪುಸ್ತಕದಲ್ಲಿ ಹೆಸರನ್ನೂ ಮೊಟಕು ಮಾಡ್ತಾರೆ, ಫ್ರಾನ್ಸಿಸ್ಕೊ ಅನ್ನುದಕ್ಕೆ ಮೊದಲಿನ ಎರಡಕ್ಷರ ಬರೆದು ಕೊನೆಯ "ಕೊ"ವನ್ನು ಮೇಲೆ ಸಣ್ಣದಾಗಿ ಕೂರಿಸುದು.

ತಂಗಿಯ ಎಂಟ್ರಿಯಲ್ಲಿ ಅಪ್ಪ ಅಮ್ಮನ ಹೆಸರು ಸಿಕ್ತು ಅಂತ ಇಟ್ಕೊಳ್ಳಿ. ಅಲ್ಲಿಗೇ ಪುಸ್ತಕ ಮುಚ್ಚಬೇಡಿ, ಕೆಳಗೆ "ಪಾತ್ರಿನಿ" ಅಂತ ಇರ್ತದೆ, ಗಾಡ್‌ಫಾದರ್ ಗಾಡ್‌ಮದರ್. ಅವರು ದಾರಿಯಲ್ಲಿ ಹೋಗುವವರಲ್ಲ, ಅಜ್ಜ ಅಜ್ಜಿ, ಮಾವ, ಚಿಕ್ಕಮ್ಮ, ದೊಡ್ಡಪ್ಪ ಇಂಥವರೇ. ಗಾಡ್‌ಫಾದರ್‌ಗೆ ಅಮ್ಮನ ಸರ್‌ನೇಮ್ ಇದ್ದು ಪಕ್ಕದಲ್ಲಿ ಬೇರೆ ಊರಿನ ಹೆಸರು ಬರೆದಿದ್ರೆ, ಅದು ಅಮ್ಮನ ತವರೂರು ಆಗಿರುದೇ ಹೆಚ್ಚು. ನಮ್ಮ ಹಳೇ ಪದ್ಧತಿ ಪ್ರಕಾರ ಮೊದಲ ಗಂಡು ಮಗುವಿಗೆ ಅಪ್ಪನ ಅಪ್ಪನ ಹೆಸರು, ಎರಡನೆಯದಕ್ಕೆ ಅಮ್ಮನ ಅಪ್ಪನ ಹೆಸರು, ಹೆಣ್ಣು ಮಕ್ಕಳಿಗೂ ಹಾಗೇ ಅಜ್ಜಿಯರದ್ದು. ಹಾಗಿದ್ರೆ ನಿಮ್ಮ ಮುತ್ತಜ್ಜನ ಅಜ್ಜನೂ ಜುವಾಂವ್ ಆಗಿರಬೇಕು. ಆದ್ರೆ ಇದನ್ನು ಸಾಕ್ಷಿ ಅಂತ ತಗೊಳ್ಬೇಡಿ, ಹುಡುಕ್ಲಿಕ್ಕೆ ಒಂದು ದಿಕ್ಕು ಅಷ್ಟೇ, ಯಾಕಂದ್ರೆ ಮಗು ಹುಟ್ಟಿದ ದಿನ ಯಾವ ಸಂತರ ಹಬ್ಬವೋ ಆ ಹೆಸರಿಡುವ ರೂಢಿಯೂ ಇತ್ತು, ಜನವರಿ 20ರ ಹತ್ತಿರ ಹುಟ್ಟಿದ್ರೆ ಬಸ್ತ್ಯಾಂವ್, ಆಗಸ್ಟ್ 10ಕ್ಕೆ ಲಾರೆನ್ಸ್.

ತವರಿನ ಇಗರ್ಜಿ ಇದೇ ಅಂತ ಗೊತ್ತಾದ್ರೆ ಅಲ್ಲಿ ಎರಡು ಪುಸ್ತಕ ಕೇಳಿ, 1872ರ ಆಚೀಚೆಯ ಬ್ಯಾಪ್ಟಿಸಂ ಮತ್ತು ಅದಕ್ಕೆ ಒಂದೆರಡು ವರ್ಷ ಹಿಂದಿನ ಮದುವೆ ಪುಸ್ತಕ. ಮದುವೆ ಸಾಧಾರಣವಾಗಿ ಹುಡುಗಿಯ ಇಗರ್ಜಿಯಲ್ಲೇ ಆಗುದು, ಅಲ್ಲಿ ಮದುಮಗ ಮದುಮಗಳು ಇಬ್ಬರ ಅಪ್ಪಂದಿರ ಹೆಸರೂ ಇರ್ತದೆ, ಒಂದೇಟಿಗೆ ಒಂದು ತಲೆಮಾರು ಮೇಲೆ ಹೋಗ್ತೀರಿ. ಒಂದು ಎಚ್ಚರ, ಆ ಇಗರ್ಜಿ ಆಗ ಇತ್ತಾ ಅಂತ ಮೊದಲು ನೋಡಿ. ಉದಾಹರಣೆಗೆ ಕುಲಶೇಖರದ ಕೊರ್ಡೆಲ್ ಇಗರ್ಜಿ ಆದದ್ದು 1873ರಲ್ಲಿ, ಅದಕ್ಕೂ ಮುಂಚೆ ಆ ಊರಲ್ಲಿ ಹುಟ್ಟಿದವರನ್ನು ಅಲ್ಲಿ ಹುಡುಕಿದ್ರೆ ಎಂತ ಪ್ರಯೋಜನ? ದೊಡ್ಡ ಇಗರ್ಜಿ ಒಡೆದು ಚಿಕ್ಕದಾದಾಗ ಹಳೇ ಪುಸ್ತಕ ತಾಯಿ ಇಗರ್ಜಿಯಲ್ಲೇ ಉಳೀತದೆ, ಹೊಸತಕ್ಕೆ ಹೊಸ ಪುಸ್ತಕ.

ಹಾಗಿದ್ದೂ ಸಿಗ್ಲಿಲ್ಲ ಅಂದ್ರೆ, ಒರಲೆ ತಿಂದಿರಬಹುದು, ಇಲ್ಲಾ ನಿಜವಾಗಿಯೂ ಬರೆಯದೇ ಇರಬಹುದು. ಮಗು ಸಾಯುವ ಹಾಗಿದ್ರೆ ಸೂಲಗಿತ್ತಿಯೇ ಮನೆಯಲ್ಲಿ ನೀರು ಹಾಕಿ ಬ್ಯಾಪ್ಟಿಸಂ ಕೊಡಬಹುದು, ಅದನ್ನು ಕ್ಯಾಥೊಲಿಕ್ ಧರ್ಮಸಭೆ ಒಪ್ತದೆ. ಮಗು ಉಳಿದ್ರೆ ಆಮೇಲೆ ಇಗರ್ಜಿಗೆ ತಂದು ಉಳಿದ ವಿಧಿ ಮಾಡಿ ಬರೀಬೇಕು. ಗದ್ದೆ ಕೆಲಸ, ಮಳೆ, ಹೊಳೆ ದಾಟ್ಲಿಕ್ಕೆ ದೋಣಿ ಇಲ್ಲ ಅಂತ ಎಷ್ಟೋ ಮನೆಯವರಿಗೆ ಅದು ತಡ ಆಗಿರ್ತದೆ. ಕಾಗದ ಇಲ್ಲದಿದ್ರೆ ಒಬ್ಬ ನಂಬಿಕಸ್ಥ ಸಾಕ್ಷಿಯ ಮಾತು ಸಾಕು ಅಂತ ಸಭೆಯ ಕಾನೂನಲ್ಲೇ ಉಂಟು, ಹಾಗಾಗಿ ಬ್ಯಾಪ್ಟಿಸಂ ಕಾಗದ ಇಲ್ಲದೆಯೇ ಮದುವೆಯಾಗಿ ಮಕ್ಕಳಾಗಿ ಸತ್ತು ಮಣ್ಣಾದವರಿದ್ದಾರೆ.

ಅಂಥವರಿಗೆ ನಾನು ನೋಡುದು ಮದುವೆಯ ಡಿಸ್ಪೆನ್ಸೇಶನ್ ಅರ್ಜಿ. ಇದು ತುಂಬಾ ಜನರಿಗೆ ಗೊತ್ತೇ ಇಲ್ಲ. ಹತ್ತಿರದ ಸಂಬಂಧದಲ್ಲಿ ಮದುವೆ ಆಗ್ಬೇಕಾದ್ರೆ ಬಿಷಪರ ಅನುಮತಿ ಬೇಕು, ಸಭೆಯ 1917ರ ಕಾನೂನು ಬರುವ ಮುಂಚೆ ಈ ನಿರ್ಬಂಧ ನಾಲ್ಕನೇ ಹಂತದ ತನಕ ಇತ್ತು, ಅಂದ್ರೆ ಇಬ್ಬರಿಗೂ ಮುತ್ತಜ್ಜನ ಅಪ್ಪ ಒಬ್ಬನೇ ಆಗಿದ್ರೂ ಅನುಮತಿ ಬೇಕು. ಅನುಮತಿ ಕೇಳುವಾಗ ಸಂಬಂಧ ಹೇಗೆ ಅಂತ ಮರ ಬಿಡಿಸಿ ತೋರಿಸ್ಬೇಕು, ಮೇಲೆ ಒಂದು ಜೋಡಿ, ಅಲ್ಲಿಂದ ಎರಡು ಕವಲು, ಕೆಳಗೆ ಮದುಮಗ ಮದುಮಗಳು. ನನ್ನ ಅಜ್ಜಿಯ ಕಡೆಯ ಒಬ್ಬರಿಗಾಗಿ ನಾಲ್ಕು ಇಗರ್ಜಿ ಸುತ್ತಿ ಸುಸ್ತಾಗಿದ್ದೆ, ಒಂದು ಕಡೆ ಆಫೀಸಿನವರು ಮೂರು ಸಲ "ನಾಳೆ ಬನ್ನಿ" ಅಂತ ಹೇಳಿ ನಾಲ್ಕನೇ ಸಲ ಬೀಗದಕೈ ಕಳ್ದೋಗಿದೆ ಅಂದ್ರು. ಕೊನೆಗೆ ಅವರು ಸಿಕ್ಕಿದ್ದು ಯಾರದ್ದೋ 1911ರ ಮದುವೆಯ ಇಂಥದ್ದೊಂದು ಮರದ ತುದಿಯಲ್ಲಿ. ಮದುಮಗಳು ಹುಟ್ಟಿದ್ದು 1890ರ ಸುಮಾರಿಗೆ, ತಲೆಮಾರಿಗೆ ಇಪ್ಪತ್ತೈದು ಮೂವತ್ತು ವರ್ಷ ಅಂತ ಹಿಂದೆ ಎಣಿಸಿ, ತುದಿಯಲ್ಲಿರುವ ಮುತ್ತಜ್ಜ 1810ರ ಆಚೀಚೆ ಹುಟ್ಟಿದವರು. ಅವರ ಹೆಸರು ಬೇರೆ ಯಾವ ಕಾಗದದಲ್ಲೂ ಇರ್ಲಿಲ್ಲ, ಪೆನ್ಸಿಲಲ್ಲಿ ಬರೆದ ಒಂದು ಹೆಸರು, ಪಕ್ಕದಲ್ಲಿ ಹೆಂಡತಿಯದ್ದು, ಅಷ್ಟೇ. ಅವತ್ತು ರಾತ್ರಿ ನಿದ್ದೆ ಬರ್ಲಿಲ್ಲ ನನಗೆ. ಹಾಗಾಗಿ ನಿಮ್ಮ ದೊಡ್ಡಜ್ಜ ಚಿಕ್ಕಜ್ಜಂದಿರ ಮಕ್ಕಳಲ್ಲಿ ಸಂಬಂಧದೊಳಗೆ ಮದುವೆ ಯಾರಾದ್ರೂ ಆಗಿದ್ದಾರಾ ಅಂತ ಹಿರಿಯರಲ್ಲಿ ಕೇಳಿ, ಇದ್ರೆ ಆ ಇಗರ್ಜಿಯ ಮದುವೆ ಫೈಲ್, ಅಲ್ಲಿ ಇಲ್ಲದಿದ್ರೆ ಮಂಗಳೂರು ಕೊಡಿಯಾಲ್‌ಬೈಲಿನ ಬಿಷಪ್ಸ್ ಹೌಸ್‌ನಲ್ಲಿ ವಿಚಾರಿಸಿ. ಹೋಗುವ ಮುಂಚೆ ಹೆಸರು, ಇಗರ್ಜಿ, ಅಂದಾಜು ವರ್ಷ ಬರೆದು ಪತ್ರ ಹಾಕಿ, ನಿಮ್ಮ ವಿಗಾರರಿಂದ (ಇಗರ್ಜಿಯ ಮುಖ್ಯ ಪಾದ್ರಿಯಿಂದ) ಒಂದು ಪರಿಚಯ ಪತ್ರ ಇಟ್ಕೊಳ್ಳಿ. ಸುಮ್ಮನೆ ಹೋಗಿ ನಿಂತ್ರೆ ಯಾರೂ ಕಪಾಟು ತೆಗೆಯುದಿಲ್ಲ, ತೆಗೆಯಬೇಕು ಅಂತ ರೂಲೂ ಇಲ್ಲ.

ಆ ತಂಗಿ ಚಿಕ್ಕಮಗಳೂರಿಗೆ ಹೋದದ್ದೂ ಉಪಯೋಗವೇ. ಆ ಕಾಲದಲ್ಲಿ ಚಿಕ್ಕಮಗಳೂರು ಮಂಗಳೂರಿನ ಬಿಷಪರಿಗೆ ಸೇರಿದ್ದಲ್ಲ, ಮೈಸೂರು ಡಯಾಸಿಸ್ (ಬಿಷಪರ ಆಡಳಿತದ ವ್ಯಾಪ್ತಿ), ಫ್ರೆಂಚ್ ಪಾದ್ರಿಗಳು ನೋಡ್ಕೊಳ್ತಿದ್ದದ್ದು, ಚಿಕ್ಕಮಗಳೂರಿಗೇ ಬೇರೆ ಡಯಾಸಿಸ್ ಆದದ್ದು 1963ರಲ್ಲಿ. ಅಲ್ಲಿ ಅವಳ ಮಕ್ಕಳ ಬ್ಯಾಪ್ಟಿಸಂ ಸಿಕ್ಕಿದ್ರೆ ಗಾಡ್‌ಫಾದರ್ ಕಾಲಂನಲ್ಲಿ ಸೋದರಮಾವನ ಹೆಸರು, ಅಂದ್ರೆ ನಿಮ್ಮ ಮುತ್ತಜ್ಜನದ್ದೇ, ಇದ್ರೆ ಆಶ್ಚರ್ಯ ಇಲ್ಲ. ಇನ್ನೊಂದು, 1908ರ ಈಸ್ಟರ್ ನಂತರ ಯಾರದ್ದೇ ಮದುವೆ ಆದ್ರೂ ಅವರ ಬ್ಯಾಪ್ಟಿಸಂ ಎಂಟ್ರಿಯ ಮಾರ್ಜಿನ್‌ನಲ್ಲಿ ಎಲ್ಲಿ ಯಾರೊಟ್ಟಿಗೆ ಮದುವೆ ಅಂತ ಬರೀಬೇಕು ಅನ್ನುವ ನಿಯಮ ಬಂತು. ತಂಗಿಯ ಮದುವೆ ಅದಕ್ಕೂ ಮುಂಚೆ ಆಗಿರಬೇಕು, ಆದ್ರೆ ಕೊನೆಯ ತಮ್ಮನೋ ತಂಗಿಯೋ ಇದ್ರೆ ಅವರ ಮಾರ್ಜಿನ್ ನೋಡಿ, ಸಣ್ಣ ಅಕ್ಷರದಲ್ಲಿ ಅಡ್ಡಡ್ಡ ಬರೆದಿರ್ತಾರೆ.

ಇಗರ್ಜಿ ಬಿಟ್ಟು ಹೊರಗೆ ಅಂದ್ರೆ ಜಾಗದ ಕಾಗದ. ನಮ್ಮವರು ಹೆಚ್ಚಿನವರು ಗೇಣಿ ಒಕ್ಕಲುಗಳು. ಮೂಲಗೇಣಿ, ಅಂದ್ರೆ ಕಾಯಂ ಗೇಣಿ, ಆಗಿದ್ರೆ ಚೀಟು (ಗೇಣಿ ಪತ್ರ) ಬರೆಸಿ ರಿಜಿಸ್ಟರ್ ಮಾಡಿಸಿರುವ ಸಾಧ್ಯತೆ ಉಂಟು, ಅದರಲ್ಲಿ ಇಂಥವರ ಮಗ ಇಂಥವ, ಪ್ರಾಯ ಇಷ್ಟು, ವಾಸ ಇಲ್ಲಿ ಅಂತ ಸಾಲಾಗಿ ಬರೆದಿರ್ತಾರೆ. ಚಾಲಗೇಣಿ, ಅಂದ್ರೆ ಕಾಯಂ ಅಲ್ಲದ ಗೇಣಿ, ಆಗಿದ್ರೆ ಬಾಯಿಮಾತಿನ ವ್ಯವಹಾರ, ಕಾಗದ ಕಷ್ಟ. ಆದ್ರೆ 1974ರಲ್ಲಿ ಭೂಸುಧಾರಣೆ ಬಂದಾಗ ಗೇಣಿದಾರರೆಲ್ಲ ಡಿಕ್ಲರೇಶನ್ ಹಾಕಿದ್ರಲ್ಲ, ನಮೂನೆ 7, ಆ ಟ್ರಿಬ್ಯುನಲ್ ಫೈಲಿನಲ್ಲಿ "ಈ ಜಮೀನು ನನ್ನ ಅಜ್ಜನ ಕಾಲದಿಂದ ನಾವೇ ಮಾಡ್ತಾ ಇದ್ದೇವೆ" ಅಂತ ಹೇಳಿಕೆ ಕೊಡುವಾಗ ಅಜ್ಜನ ಹೆಸರು ಹೇಳಿದ್ದು ನಾನೇ ಎರಡು ಮೂರು ಕಡೆ ನೋಡಿದ್ದೇನೆ. ನಿಮ್ಮ ಅಜ್ಜನೋ ದೊಡ್ಡಪ್ಪನೋ ಡಿಕ್ಲರೇಶನ್ ಹಾಕಿದ್ರೆ ಅದರ ನಕಲಿಗೆ ತಾಲೂಕು ಆಫೀಸಲ್ಲಿ ಅರ್ಜಿ ಕೊಡಿ. ಶಾಲೆಯ ಅಡ್ಮಿಷನ್ ರಿಜಿಸ್ಟರ್ ನಿಮ್ಮ ಮುತ್ತಜ್ಜನ ಕಾಲಕ್ಕೆ ಕಷ್ಟ, ಇದ್ರೂ ತಾರೀಕು ನಂಬ್ಬೇಡಿ, ಮೇಷ್ಟ್ರು ಅಂದಾಜಿಗೆ ಜೂನ್ 1 ಹಾಕಿ ಸೇರಿಸಿದ ಮಕ್ಕಳಿಂದಲೇ ಈ ದೇಶ ತುಂಬಿದೆ. ಡಿಎನ್‌ಎ ಟೆಸ್ಟ್ ಬಗ್ಗೆ ಈಗ ಎಲ್ಲರೂ ಕೇಳ್ತಾರೆ, ಹೊರದೇಶದಲ್ಲಿರುವ ದೂರದ ಕಸಿನ್ ಸಿಗಬಹುದು, ಅಪ್ಪನ ಹೆಸರು ಅದು ಹೇಳುದಿಲ್ಲ.

ಬಾಸೆಲ್ ಮಿಶನ್ ಕಡೆಯ ಪ್ರೊಟೆಸ್ಟೆಂಟ್ ಕುಟುಂಬದವರು ಇದನ್ನು ಓದ್ತಾ ಇದ್ರೆ, ನಿಮ್ಮ ದಾರಿ ಬೇರೆ, 1834ರಲ್ಲಿ ಮಿಶನ್ ಮಂಗಳೂರಿಗೆ ಬಂದ ಮೇಲಿನ ಕಾಗದಪತ್ರ ಬಲ್ಮಠದ ಥಿಯೊಲಾಜಿಕಲ್ ಕಾಲೇಜಿನ ಆರ್ಕೈವ್ಸ್‌ನಲ್ಲೂ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲೂ ಉಂಟು.

ಇನ್ನು ಟಿಪ್ಪು ಸೆರೆಯ ಪ್ರಶ್ನೆ. 1784ರ ಫೆಬ್ರವರಿಯಲ್ಲಿ ಕರಾವಳಿಯ ಕ್ಯಾಥೊಲಿಕರನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿದ್ರು, ಬಿಡುಗಡೆ ಆದದ್ದು 1799ರ ಮೇನಲ್ಲಿ ಟಿಪ್ಪು ಸತ್ತ ಮೇಲೆ. ಎಷ್ಟು ಜನ ಅನ್ನುದರ ಬಗ್ಗೆ ಜಗಳ ಇನ್ನೂ ಮುಗಿದಿಲ್ಲ, ಮೂವತ್ತು ಸಾವಿರದಿಂದ ಎಂಬತ್ತು ಸಾವಿರದ ತನಕ ಹೇಳುವವರಿದ್ದಾರೆ. ಹೆಚ್ಚಿನ ಇಗರ್ಜಿ ಕೆಡವಿದ್ರು, ಒಟ್ಟಿಗೆ ಪುಸ್ತಕಗಳೂ ಹೋದವು. ಮೂಡಬಿದ್ರೆಯ ಹೊಸ್ಪೆಟ್, ಫರಂಗಿಪೇಟೆಯ ಮೊಂತೆ ಮರಿಯಾನೊ ಉಳ್ಕೊಂಡ ಬೆರಳೆಣಿಕೆಯಲ್ಲಿ ಸೇರ್ತವೆ. ಸೆರೆಯಲ್ಲಿದ್ದ ಆ ಹದಿನೈದು ವರ್ಷದಲ್ಲಿ ಹುಟ್ಟಿದ ಮಕ್ಕಳಿಗೆ ಪಾದ್ರಿ ಇಲ್ಲ, ಇಗರ್ಜಿ ಇಲ್ಲ, ಎಲ್ಲಿಂದ ಎಂಟ್ರಿ ಬರಬೇಕು? ಆ ತಲೆಮಾರಿನವರ ಹೆಸರು ನಮಗೆ ಸಿಗುದು ವಾಪಸ್ ಬಂದ ಮೇಲೆ ಅವರು ಅಪ್ಪ ಅಮ್ಮ ಆದಾಗ, ಇಲ್ಲಾ ಮುದುಕರಾಗಿ ಸತ್ತಾಗ ಮರಣ ಪುಸ್ತಕದಲ್ಲಿ. ಎಲ್ಲರೂ ವಾಪಸ್ ಬರ್ಲೂ ಇಲ್ಲ, ಕೆಲವರು ಕೊಡಗಿಗೆ ಓಡಿ ವಿರಾಜಪೇಟೆಯಲ್ಲಿ ನೆಲೆ ನಿಂತ್ರು, ರಾಜ ದೊಡ್ಡ ವೀರರಾಜೇಂದ್ರ ಜಾಗ ಕೊಟ್ಟದ್ದು.

ನಿಮ್ಮ ಲೆಕ್ಕ ಹಾಕುವ. ಮುತ್ತಜ್ಜ 1872, ಅವರಪ್ಪ ಸುಮಾರು 1845, ಅಜ್ಜ 1815, ಆ ಅಜ್ಜನ ಅಪ್ಪ 1785ರಿಂದ 1790. ಅಂದ್ರೆ ಸರಿಯಾಗಿ ಸೆರೆಯ ಕಾಲದಲ್ಲಿ ಹುಟ್ಟಿದ ಮನುಷ್ಯ. ನೀವು ಮೂರು ತಲೆಮಾರು ಮೇಲೆ ಹತ್ತಿದ್ರೆ ಆ ಗೋಡೆಗೆ ಬಂದು ನಿಲ್ತೀರಿ, ಅದರಾಚೆ ಕಾಗದದಲ್ಲಿ ಹೋದವರು ತೀರಾ ಕಡಿಮೆ. ಗೋವಾದ ಪಣಜಿಯ ಆರ್ಕೈವ್ಸ್‌ನಲ್ಲಿ ಹಳೇ ಇಗರ್ಜಿ ಪುಸ್ತಕ ಇದ್ದಾವೆ ನಿಜ, ಆದ್ರೆ ಬಾರ್ದೆಸ್‌ನ ಯಾವ ಹಳ್ಳಿಯಿಂದ ಯಾವ ವರ್ಷ ಹೊರಟ್ರು ಅಂತ ಗೊತ್ತಿಲ್ಲದೆ ಅಲ್ಲಿಗೆ ಹೋದ್ರೆ ಪೆದ್ರು ಡಿಸೋಜ ನೂರು ಜನ ಸಿಗ್ತಾರೆ, ನಿಮ್ಮವರು ಯಾರು ಅಂತ ಹೇಳುವವರಿಲ್ಲ. "ನಾವು ಇಂಥ ಪ್ರಭುಗಳ ಕುಟಾಮ್ (ಮನೆತನ)" ಅಂತ ಮನೆಯಲ್ಲಿ ಮಾತಿದ್ರೆ ಅದನ್ನು ಹಾಗೇ ಬರೆದಿಡಿ, ಯಾರು ಹೇಳಿದ್ದು ಯಾವಾಗ ಹೇಳಿದ್ದು ಅಂತ ಸಹಿತ, ಆದ್ರೆ ಮರದಲ್ಲಿ ಗೆರೆ ಎಳೆದು ಸೇರಿಸ್ಬೇಡಿ.

ಈಗ ಮಾಡಬೇಕಾದದ್ದು. ಮನೆಯಲ್ಲಿ ಪ್ರಾಯದವರು ಯಾರಿದ್ದಾರೋ ಅವರ ಹತ್ತಿರ ಹೋಗಿ, "ಮುತ್ತಜ್ಜ ಯಾವ ವರ್ಷ ಹುಟ್ಟಿದ್ದು" ಅಂತ ಕೇಳ್ಬೇಡಿ, ಅವರಿಗೆ ಗೊತ್ತಿರುದಿಲ್ಲ. ರೈಲು ಮಂಗಳೂರಿಗೆ ಬಂದಾಗ, ಅಂದ್ರೆ 1907ರಲ್ಲಿ, ಮದುವೆ ಆಗಿತ್ತಾ, 1923ರ ಮಾರಿಬೊಳ್ಳದಲ್ಲಿ (ದೊಡ್ಡ ನೆರೆಯಲ್ಲಿ) ಬದುಕಿದ್ರಾ, ವರ್ಷಾವಧಿ ಹಬ್ಬಕ್ಕೆ ತಪ್ಪದೆ ಹೋಗ್ತಿದ್ದ ಬೇರೆ ಊರಿನ ಇಗರ್ಜಿ ಯಾವುದು, ಇಂಥದ್ದು ಕೇಳಿ. ಆ ಹಬ್ಬದ ಊರು ಬಹಳ ಸಲ ಅಮ್ಮನ ತವರೇ ಆಗಿರ್ತದೆ. ಆಮೇಲೆ ಮುತ್ತಜ್ಜನ ಮರಣದ ಎಂಟ್ರಿ, ಮದುವೆಯ ಎಂಟ್ರಿ, ನಂತರ ತಂಗಿಯ ಬ್ಯಾಪ್ಟಿಸಂ, ಇದೇ ಕ್ರಮದಲ್ಲಿ ಹೋಗಿ. ತಂಗಿಯ ಎಂಟ್ರಿ ಸಿಕ್ಕಿದ್ರೆ ಫಾದರ್ ಹತ್ತಿರ ಕೇಳಿ ಮೊಬೈಲಲ್ಲಿ ಫೋಟೋ ತೆಗೀರಿ, ಫ್ಲ್ಯಾಶ್ ಬೇಡ, ಪುಸ್ತಕವನ್ನು ಕಿಟಕಿ ಹತ್ತಿರ ಇಟ್ಟು ಬದಿಯಿಂದ ಬೆಳಕು ಬೀಳುವ ಹಾಗೆ, ಮಾಸಿದ ಅಕ್ಷರವೂ ಎದ್ದು ಕಾಣ್ತದೆ. ಮಾರ್ಜಿನ್ ಕಟ್ ಮಾಡ್ಬೇಡಿ, ಮೇಲಿನ ಕೆಳಗಿನ ಎಂಟ್ರಿಯೂ ಬರ್ಲಿ, ಅದೇ ಪಾದ್ರಿಯ ಕೈಬರಹ ಹೋಲಿಸಿ ಓದ್ಲಿಕ್ಕೆ ಬೇಕಾಗ್ತದೆ. ನನಗೆ ಕಳಿಸಿ, ಓದಿ ಹೇಳ್ತೇನೆ.